ಟೆಡ್ಡಿಬೇರ್ ಮರಿ ಬೇಕಾ? ಮೊದಲು ಬಾಚಣಿಗೆ ಕೊಳ್ಳಿ!

ಪಾರ್ಕಿಗೆ ವಾಕಿಂಗ್ ಹೋದಾಗ ನೀವೂ ನೋಡಿರುತ್ತೀರಿ. ಗುಂಗುರು ಕೂದಲು, ಗುಂಡು ಮುಖ, ಕರೀ ಗುಂಡಿಯಂಥ ಕಣ್ಣು, ಕಾಫಿಗೆ ಹಾಲು ಜಾಸ್ತಿಯಾದಂಥ ಬಣ್ಣ. ದೂರದಿಂದ ನೋಡಿದರೆ ಆಟಿಕೆ ಅಂಗಡಿಯ ಗೊಂಬೆಗೇ ಕಾಲು ಬಂದಿದೆಯೇನೋ ಅನ್ನಿಸುತ್ತೆ. ಹತ್ತಿರ ಹೋಗಿ 'ಯಾವ ಜಾತಿ ನಾಯಿ ಇದು?' ಅಂತ ಕೇಳಿದರೆ 'ಮಾಲ್ಟಿಪೂ ಆಂಟಿ', ಇಲ್ಲಾಂದ್ರೆ 'ಗೋಲ್ಡನ್‌ಡೂಡಲ್ ಆಂಟಿ' ಅನ್ನೋ ಉತ್ತರ. ಅಷ್ಟು ಸಾಕು, ಮನೆಗೆ ಬಂದ ಮೇಲೆ ಮಕ್ಕಳ ಹಠ ಶುರು. 'ಅಮ್ಮಾ, ನಮಗೂ ಅಂಥದ್ದೇ ಬೇಕು!'

ನೀವು ಹೇಳುವ ಕಾರಣಗಳಿಗೆಲ್ಲ ಮಕ್ಕಳ ಹತ್ತಿರ ಉತ್ತರ ರೆಡಿ. ಮನೆ ತುಂಬಾ ಕೂದಲು ಅಂತೀರಾ? 'ಇದು ಉದುರಿಸೋದೇ ಇಲ್ಲಮ್ಮಾ'. ಚಿಕ್ಕವನಿಗೆ ಧೂಳು ಕಂಡರೆ ಆಗಲ್ಲ, ಉಬ್ಬಸ ಬರುತ್ತೆ ಅಂತೀರಾ? 'ಇದು ಅಲರ್ಜಿ ಫ್ರೀ ನಾಯಿ'. ಜಾತಿ ನಾಯಿಗೆ ನೂರೆಂಟು ಕಾಯಿಲೆ ಅಂತೀರಾ? 'ಇದು ಮಿಕ್ಸ್, ಕಾಯಿಲೆ ಬರಲ್ಲ'. ಮಾರುವವರ ಬಾಯಲ್ಲೂ ಇದೇ ಮೂರು ಮಾತು. ಈ ಮಾತುಗಳ ಮೇಲೇ ಮರಿಯ ಬೆಲೆ ಹತ್ತಾರು ಸಾವಿರದಿಂದ ಶುರುವಾಗಿ ಲಕ್ಷ ರೂಪಾಯಿ ದಾಟುವುದೂ ಉಂಟು. ದುಡ್ಡು ಹೋಗಲಿ ಬಿಡಿ, ಮನೆಗೆ ಬಂದ ಜೀವ ಹನ್ನೆರಡು-ಹದಿನೈದು ವರ್ಷ ನಿಮ್ಮ ಜೊತೆ ಇರುತ್ತೆ. ಅಡ್ವಾನ್ಸ್ ಕೊಡೋ ಮೊದಲು ಈ ಮೂರು ಮಾತಿನಲ್ಲಿ ಎಷ್ಟು ಸತ್ಯ ಇದೆ ಅಂತ ನೋಡೋದು ಬೇಡವೇ?

ಮೊದಲ ಡೂಡಲ್ ಹುಟ್ಟಿದ ಕಥೆ

ಹೆಸರಿನ ಬಾಲದಲ್ಲಿ 'ಪೂ' ಅಥವಾ 'ಡೂಡಲ್' ಇದ್ದರೆ ಆ ನಾಯಿಯ ತಂದೆ-ತಾಯಿಯಲ್ಲಿ ಒಬ್ಬರು ಪೂಡಲ್ ಅಂತ ಲೆಕ್ಕ. ಲ್ಯಾಬ್ರಡಾರ್ ಜೊತೆ ಕೂಡಿಸಿದರೆ ಲ್ಯಾಬ್ರಡೂಡಲ್, ಗೋಲ್ಡನ್ ರಿಟ್ರೀವರ್ ಜೊತೆ ಗೋಲ್ಡನ್‌ಡೂಡಲ್, ಕಾಕರ್ ಸ್ಪೇನಿಯಲ್ ಜೊತೆ ಕಾಕಪೂ, ಪುಟಾಣಿ ಮಾಲ್ಟೀಸ್ ಜೊತೆ ಮಾಲ್ಟಿಪೂ, ಕ್ಯಾವಲಿಯರ್ ಜೊತೆ ಕ್ಯಾವಪೂ. ಈ ಕ್ಯಾವಪೂವನ್ನೇ ಆಸ್ಟ್ರೇಲಿಯಾದವರು ಕ್ಯಾವೂಡಲ್ ಅಂತಾರೆ. ನಮ್ಮ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಕಾಣೋದು ಹೆಚ್ಚಾಗಿ ಚಿಕ್ಕ ಗಾತ್ರದವು. ದೊಡ್ಡ ಡೂಡಲ್ ನೋಡಬೇಕಂದ್ರೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಬಂದ ಅಮ್ಮಂದಿರನ್ನು ಕೇಳಿ. ಅಲ್ಲಿ ಬೀದಿಗೆ ನಾಲ್ಕು ಸಿಗುತ್ತವಂತೆ!

ಈ ಪೂಡಲ್ ಅನ್ನೋದು ಬರೀ ಷೋಕಿ ನಾಯಿ ಅಂದುಕೊಳ್ಳಬೇಡಿ. ನೀರಿಗೆ ಹಾರಿ, ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕಚ್ಚಿಕೊಂಡು ಬರುತ್ತಿದ್ದ ಗಟ್ಟಿ ನಾಯಿ ಅದು. ಸೊಂಟ, ಕಾಲಿನ ಹತ್ತಿರ ಮಾತ್ರ ಕೂದಲು ಗುಪ್ಪೆ ಬಿಟ್ಟು ಉಳಿದದ್ದನ್ನು ಬೋಳಿಸುವ ಆ ವಿಚಿತ್ರ ಕಟಿಂಗ್ ಇದೆಯಲ್ಲ, ಅದೂ ಶುರುವಾಗಿದ್ದು ಈಜಲು ಹಗುರ ಆಗಲಿ, ಕೀಲುಗಳು ಬೆಚ್ಚಗಿರಲಿ ಅಂತ. ಬುದ್ಧಿಯಲ್ಲೂ ಪೂಡಲ್ ಸಣ್ಣದಲ್ಲ. ಹೇಳಿಕೊಟ್ಟದ್ದನ್ನು ಬೇಗ ಕಲಿಯುವ ನಾಯಿಗಳ ಸಾಲಿನಲ್ಲಿ ಅದು ಯಾವಾಗಲೂ ಮುಂದೆ.

ಕಾಕಪೂ ಅಮೆರಿಕದಲ್ಲಿ ಹಳೇ ಪರಿಚಯವೇ. ಆದರೆ ಇವತ್ತಿನ ಕ್ರೇಜ್‌ಗೆ ದಾರಿ ಮಾಡಿಕೊಟ್ಟಿದ್ದು ಲ್ಯಾಬ್ರಡೂಡಲ್. ಅದರ ಹುಟ್ಟು ಮಾತ್ರ ಫ್ಯಾಷನ್ನಿಗಾಗಿ ಆಗಿದ್ದಲ್ಲ, ಒಬ್ಬ ಹೆಣ್ಣುಮಗಳ ಕಷ್ಟಕ್ಕಾಗಿ. ಹವಾಯಿ ದ್ವೀಪದ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ದಾರಿ ತೋರಿಸುವ ನಾಯಿ ಬೇಕಿತ್ತು. ಗಂಡನಿಗೋ ನಾಯಿ ಅಂದರೆ ಅಲರ್ಜಿ. ಆಕೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದ್ದ ಅಂಧರ ನಾಯಿ ತರಬೇತಿ ಸಂಸ್ಥೆಗೆ ಬರೆದರು. ಅಲ್ಲಿ ತಳಿ ವಿಭಾಗ ನೋಡಿಕೊಳ್ಳುತ್ತಿದ್ದ ವಾಲಿ ಕಾನ್ರನ್ ಮೊದಲು ಯೋಚಿಸಿದ್ದು ಪೂಡಲ್ ಬಗ್ಗೆಯೇ. ಒಂದಲ್ಲ ಎರಡಲ್ಲ, 33 ಪೂಡಲ್‌ಗಳನ್ನು ಪರೀಕ್ಷೆ ಮಾಡಿದರು. ಒಂದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮೂರು ಮರಿ ಪಡೆದರು. ಮೂರರ ಕೂದಲು, ಜೊಲ್ಲಿನ ಸ್ಯಾಂಪಲ್ ಹವಾಯಿಗೆ ಹೋಯಿತು. ಆ ಗಂಡನಿಗೆ ಒಗ್ಗಿದ್ದು ಎಷ್ಟು ಗೊತ್ತಾ? ಒಂದೇ ಒಂದು. ಅದರ ಹೆಸರು ಸುಲ್ತಾನ್.

ಇಲ್ಲೇ ಸ್ವಲ್ಪ ನಿಲ್ಲಿ. ಒಂದೇ ತಾಯಿಯ ಹೊಟ್ಟೆಯಲ್ಲಿ, ಒಂದೇ ಸಲ ಹುಟ್ಟಿದ ಮೂರು ಮರಿಗಳಲ್ಲಿ ಒಂದು ಮಾತ್ರ! ಈ ಲೆಕ್ಕವನ್ನು ನಾಯಿ ಮಾರುವವರು ಯಾರೂ ಹೇಳೋದಿಲ್ಲ.

ಉಳಿದ ಮರಿಗಳನ್ನು ತರಬೇತಿಗೆ ಮುಂಚೆ ಮನೆಯಲ್ಲಿಟ್ಟು ಸಾಕಿಕೊಡಲು ಯಾರೂ ಮುಂದೆ ಬರಲಿಲ್ಲವಂತೆ. 'ಮಿಶ್ರ ತಳಿ ನಮಗೆ ಬೇಡ' ಅಂದರು. ಆಗ ಕಾನ್ರನ್ ಒಂದು ಉಪಾಯ ಮಾಡಿದರು. ಮಿಶ್ರ ತಳಿ ಅನ್ನೋದನ್ನು ಬಿಟ್ಟು, ಲ್ಯಾಬ್ರಡೂಡಲ್ ಅನ್ನೋ ಹೊಸ ನಾಯಿ ಬಂದಿದೆ ಅಂತ ಪ್ರಚಾರ ಕೊಟ್ಟರು. ಅಷ್ಟೇ ನೋಡಿ, ಫೋನ್ ಮೇಲೆ ಫೋನ್! ನಾಯಿ ಅದೇ, ಹೆಸರು ಮಾತ್ರ ಬೇರೆ. ಉಪ್ಪಿಟ್ಟಿಗೆ ಖಾರಾಬಾತ್ ಅಂತ ಹೆಸರಿಟ್ಟು ಹೋಟೆಲಿನವರು ಮಾರ್ತಾರಲ್ಲ, ಹಾಗೆ.

ಮುಂದೆ ಆಗಿದ್ದು ನಮ್ಮ ಭಸ್ಮಾಸುರನ ಕಥೆ. ಹೆಸರಿಗೆ ಬೇಡಿಕೆ ಬಂದ ಕೂಡಲೇ ಸಿಕ್ಕಸಿಕ್ಕವರೆಲ್ಲ ಸಿಕ್ಕಸಿಕ್ಕ ನಾಯಿಗೆ ಪೂಡಲ್ ಕೂಡಿಸಿ ಮಾರತೊಡಗಿದರು. 2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರ ಮಗಳಿಗೆ ಅಲರ್ಜಿ ಇದೆ, ಲ್ಯಾಬ್ರಡೂಡಲ್ ತರೋದೋ ಪೋರ್ಚುಗೀಸ್ ವಾಟರ್ ಡಾಗ್ ತರೋದೋ ಅಂತ ಯೋಚಿಸ್ತಿದ್ದಾರೆ ಅನ್ನೋ ಸುದ್ದಿ ಜಗತ್ತೆಲ್ಲ ಓಡಾಡಿತು. ಅವರು ತಂದಿದ್ದು ಎರಡನೆಯದನ್ನು. ಆದರೂ ಲ್ಯಾಬ್ರಡೂಡಲ್‌ಗೆ ಬಿಟ್ಟಿ ಜಾಹೀರಾತು ಸಿಕ್ಕೇಬಿಟ್ಟಿತು! ಕಾನ್ರನ್ ಮಾತ್ರ ಆಮೇಲಾಮೇಲೆ ತಮ್ಮ ಕೆಲಸಕ್ಕೆ ಪಶ್ಚಾತ್ತಾಪ ಪಟ್ಟರು. 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯ ಜೊತೆ ಮಾತಾಡುತ್ತಾ, ಪಂಡೋರಾಳ ಪೆಟ್ಟಿಗೆ ತೆರೆದುಬಿಟ್ಟೆ, ಈ ನಾಯಿಗಳಲ್ಲಿ ಬಹುಪಾಲು ಸ್ವಭಾವ ಕೆಟ್ಟವು, ಇಲ್ಲಾ ಕಾಯಿಲೆ ಹೊತ್ತವು ಅನ್ನೋ ಅರ್ಥದಲ್ಲಿ ನೊಂದುಕೊಂಡರು. ಅವರ ಈ ಕೊನೇ ಮಾತು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗನ್ನಿಸುತ್ತೆ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

ಅಲರ್ಜಿ ಕೂದಲಲ್ಲಿ ಇಲ್ಲ ಕಣ್ರೀ

ಮೂರು ಮಾತುಗಳಲ್ಲಿ ತಾಯಂದಿರು ಬೇಗ ನಂಬೋದು ಈ ಅಲರ್ಜಿ ವಿಷಯವನ್ನೇ. ಮಗುವಿಗೆ ನಾಯಿ ಅಂದ್ರೆ ಪ್ರಾಣ, ಆದರೆ ನಾಯಿ ಹತ್ತಿರ ಬಂದರೆ ಸೀನು, ಕಣ್ಣು ಕೆಂಪು, ರಾತ್ರಿ ಎದೆಯಲ್ಲಿ ಗೊರ ಗೊರ. ಅಂಥ ಮನೆಯಲ್ಲಿ 'ಅಲರ್ಜಿ ಆಗದ ನಾಯಿ' ಅಂದರೆ ದೇವರೇ ಕಳಿಸಿದ ಹಾಗೆ ಅನ್ನಿಸೋದು ಸಹಜ.

ಆದರೆ ಅಲರ್ಜಿ ತರೋದು ಕೂದಲಲ್ಲ. ನಾಯಿಯ ಜೊಲ್ಲು ಮತ್ತು ಚರ್ಮದಿಂದ ಉದುರುವ ಹೊಟ್ಟಿನಲ್ಲಿರುವ ಪ್ರೋಟೀನು. ಇವುಗಳಲ್ಲಿ ಮುಖ್ಯವಾದದ್ದಕ್ಕೆ ವೈದ್ಯರು ಕ್ಯಾನ್ ಎಫ್ 1 ಅಂತ ಹೆಸರಿಟ್ಟಿದ್ದಾರೆ. ನಾಯಿ ದಿನವಿಡೀ ಮೈ ನೆಕ್ಕಿಕೊಳ್ಳುತ್ತಾ ಇರುತ್ತೆ. ಆ ಜೊಲ್ಲು ಒಣಗಿ, ಪುಡಿಯಾಗಿ, ಗಾಳಿಯಲ್ಲಿ ತೇಲಿ, ಸೋಫಾ, ಪರದೆ, ದಿಂಬು ಎಲ್ಲಾ ಕಡೆ ಕೂರುತ್ತೆ. ಜೊಲ್ಲಿಲ್ಲದ ನಾಯಿ ಉಂಟೇ? ಚರ್ಮ ಇಲ್ಲದ ನಾಯಿ ಉಂಟೇ? ಗುಂಗುರು ಕೂದಲಿನ ಪೂಡಲ್‌ಗೂ ಅದೇ ಜೊಲ್ಲು, ಬೀದಿಯ ಕರಿಯನಿಗೂ ಅದೇ ಜೊಲ್ಲು.

ಇದು ಬರೀ ತರ್ಕ ಅಲ್ಲ, ಅಳೆದು ನೋಡಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಳೆ ಮಕ್ಕಳಿದ್ದ 173 ಮನೆಗಳ ಧೂಳು ತೆಗೆದು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲರ್ಜಿ ಕಮ್ಮಿ ಅಂತ ಹೆಸರು ಪಡೆದ ನಾಯಿಗಳ ಮನೆಗೂ ಬೇರೆ ನಾಯಿಗಳ ಮನೆಗೂ ಧೂಳಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರು ವರ್ಷ, 2012ರಲ್ಲಿ, ನೆದರ್ಲೆಂಡ್ಸ್‌ನ ಸಂಶೋಧಕರು ನಾಯಿಗಳ ಕೂದಲನ್ನೇ ಪರೀಕ್ಷೆ ಮಾಡಿದರು. ಪೂಡಲ್, ಲ್ಯಾಬ್ರಡೂಡಲ್‌ನಂಥ 'ಸೇಫ್' ನಾಯಿಗಳ ಕೂದಲಲ್ಲಿ ಆ ಪ್ರೋಟೀನು ಕಮ್ಮಿ ಇರೋದಿರಲಿ, ಜಾಸ್ತಿಯೇ ಸಿಕ್ಕಿತು! ಲ್ಯಾಬ್ರಡೂಡಲ್ ಇದ್ದ ಮನೆಯ ನೆಲದ ಧೂಳಲ್ಲಿ ಮಾತ್ರ ಸ್ವಲ್ಪ ಕಮ್ಮಿ ಇತ್ತು ಅನ್ನೋದನ್ನೂ ಹೇಳಿಬಿಡಬೇಕು. ಆದರೆ ಗಾಳಿಯಲ್ಲಿ ತೇಲುವ ಪ್ರಮಾಣದಲ್ಲಿ ಏನೂ ಫರಕು ಇರಲಿಲ್ಲ. ಮಗು ಉಸಿರಾಡೋದು ಗಾಳಿಯನ್ನು ತಾನೇ?

'ನಮ್ಮ ಪರಿಚಯದವರ ಮಗುವಿಗೆ ಏನೂ ಆಗಲಿಲ್ಲವಲ್ಲ' ಅಂತ ನೀವು ಕೇಳಬಹುದು. ನಿಜ, ಆಗದೇ ಇರಬಹುದು. ಒಂದೊಂದು ನಾಯಿಯ ಮೈಯಲ್ಲಿ ಈ ಪ್ರೋಟೀನು ಒಂದೊಂದು ಪ್ರಮಾಣ, ಒಂದೊಂದು ಮಗುವಿನ ಮೈಗುಣವೂ ಬೇರೆ. ಸುಲ್ತಾನ್ ಆ ಗಂಡನಿಗೆ ಒಗ್ಗಿದ್ದೂ ಹಾಗೆಯೇ. ಆದರೆ ಇದು ಆ ನಾಯಿಗೂ ಆ ಮನುಷ್ಯನಿಗೂ ಸೇರಿದ ವಿಷಯ. ಇಡೀ ತಳಿಗೆ ಗ್ಯಾರಂಟಿ ಬರೆದುಕೊಡೋಕೆ ಯಾರಿಂದಲೂ ಆಗಲ್ಲ. ಬರೆದುಕೊಡ್ತೀನಿ ಅನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದ್ರೆ ಮಾಡೋದೇನು? ಮನೆಯಲ್ಲಿ ಯಾರಿಗಾದರೂ ಅಲರ್ಜಿ, ಆಸ್ತಮಾ ಇದ್ದರೆ ಮೊದಲು ನಾಯಿ ಅಂಗಡಿಗಲ್ಲ, ಅಲರ್ಜಿ ತಜ್ಞರ ಹತ್ತಿರ ಹೋಗಿ. ಚರ್ಮದ ಮೇಲೆ ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಇವೆ. ಇದರಲ್ಲೊಂದು ಸ್ವಾರಸ್ಯ ಕೇಳಿ. ಕೆಲವರಿಗೆ ಅಲರ್ಜಿ ಇರೋದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗಿ ಮೂತ್ರದಲ್ಲಿ ಬರುವ ಒಂದು ಪ್ರೋಟೀನಿಗೆ ಮಾತ್ರ. ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದು, ಅದು ಯಾವ ಜಾತಿಯದ್ದಾದರೂ ಸರಿ! ವೈದ್ಯರು 'ಪರವಾಗಿಲ್ಲ, ನೋಡೋಣ' ಅಂದ ಮೇಲೆ, ನೀವು ತರಬೇಕೆಂದಿರುವ ಅದೇ ನಾಯಿಯ ಜೊತೆ ಮಗುವನ್ನು ಮೂರ್ನಾಲ್ಕು ಸಲ, ಪ್ರತಿ ಸಲ ಒಂದೆರಡು ಗಂಟೆ ಆಡಲು ಬಿಡಿ. ಒಂದು ದಿನ ಏನೂ ಆಗಲಿಲ್ಲ ಅಂತ ಎತ್ತಿಕೊಂಡು ಬರಬೇಡಿ. ಹಾಂ, ಉಬ್ಬಸ ಜೋರಾಗಿರುವ ಮಗುವಾದರೆ ಈ ಪ್ರಯೋಗವನ್ನೂ ವೈದ್ಯರು ಹೇಳದೆ ಮಾಡಬೇಡಿ.

ಇಲ್ಲವಾದರೆ ಏನಾಗುತ್ತೆ ಯೋಚಿಸಿ. ಮೂರು ತಿಂಗಳು ಮಗು ನಾಯಿಯನ್ನು ತಬ್ಬಿಕೊಂಡು ಮಲಗಿರುತ್ತೆ. ನಾಲ್ಕನೇ ತಿಂಗಳು ಇನ್‌ಹೇಲರ್ ಕೈಗೆ ಬರುತ್ತೆ. ಆಗ ನಾಯಿಯನ್ನು ವಾಪಸ್ ಕೊಡಬೇಕು. ಅಳೋದು ಮಗು, ಬೀದಿಪಾಲಾಗೋದು ನಾಯಿ. ಇಬ್ಬರದ್ದೂ ತಪ್ಪಲ್ಲ.

ಉದುರಲ್ಲ ನಿಜ, ಆದರೆ...

ಎರಡನೇ ಮಾತು, ಕೂದಲು ಉದುರಲ್ಲ ಅನ್ನೋದು. ಇದರಲ್ಲಿ ಅರ್ಧ ಸತ್ಯ ಇದೆ. ಪೂಡಲ್ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತೆ. ಉದುರಿದ್ದು ನೆಲಕ್ಕೆ ಬೀಳೋ ಬದಲು ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತೆ. ಹಾಗಾಗಿ ಸೋಫಾ ಕ್ಲೀನ್. ಸೋಫಾದ ಮೇಲೆ ಬೀಳಬೇಕಾಗಿದ್ದು ನಾಯಿಯ ಮೈಮೇಲೇ ಉಳಿದಿರುತ್ತೆ, ಅಷ್ಟೇ ವ್ಯತ್ಯಾಸ.

ಮಿಶ್ರ ತಳಿಯಲ್ಲಿ ಇದು ಇನ್ನೂ ಕಷ್ಟ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗೆ ಮೇಲೊಂದು ಒರಟು ಕೂದಲು, ಒಳಗೊಂದು ಮೆತ್ತನೆಯ ತುಪ್ಪಳ. ಆ ತುಪ್ಪಳ ಧಾರಾಳವಾಗಿ ಉದುರುವಂಥದ್ದು. ಅದು ಬಂದು ಪೂಡಲ್‌ನ ಗುಂಗುರಿನೊಳಗೆ ಸಿಕ್ಕಿಬಿದ್ದರೆ? ಉಣ್ಣೆ ಸ್ವೆಟರನ್ನು ತಿಳಿಯದೆ ಬಿಸಿನೀರಲ್ಲಿ ಹಾಕಿ ಉಜ್ಜಿದಾಗ ಗಂಟುಗಟ್ಟಿ ಬಿರುಸಾಗುತ್ತಲ್ಲ, ಥೇಟ್ ಹಾಗೇ. ಮೇಲಿನಿಂದ ಕೈಯಾಡಿಸಿದರೆ ಮೆತ್ತಗಿರುತ್ತೆ, ಒಳಗೆ ಚರ್ಮಕ್ಕೆ ಅಂಟಿದ ಹಾಗೆ ಗಂಟಿನ ಹಾಸು. ನಾಯಿ ಕಾಲೆತ್ತಿದಾಗಲೆಲ್ಲ ಚರ್ಮ ಜಗ್ಗುತ್ತೆ. ಅದರಡಿ ಬೆವೆ, ತೇವ, ಉಣ್ಣಿ, ಹುಣ್ಣು. ಬಿಗಿಯಾಗಿ ಜಡೆ ಹೆಣೆದು ವಾರಗಟ್ಟಲೆ ಬಿಚ್ಚದೇ ಇದ್ದರೆ ನಿಮ್ಮ ನೆತ್ತಿಗೆ ಹೇಗಿರುತ್ತೆ ಊಹಿಸಿಕೊಳ್ಳಿ. ನಾಯಿಗೆ ಅದು ಮೈಯೆಲ್ಲಾ.

ಇನ್ನೊಂದು ವಿಷಯ, ಮರಿಯಾಗಿದ್ದಾಗ ಇದು ಗೊತ್ತೇ ಆಗಲ್ಲ. ಎರಡು ತಿಂಗಳ ಮರಿಯದ್ದು ರೇಷ್ಮೆಯಂಥ ಕೂದಲು. ಆರು ತಿಂಗಳಿಂದ ವರ್ಷದೊಳಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಸಿಕ್ಕು ಶುರುವಾಗುತ್ತೆ. ಅಷ್ಟು ಹೊತ್ತಿಗೆ ಮಕ್ಕಳ ಹೊಸ ಉತ್ಸಾಹವೂ ಇಳಿದಿರುತ್ತೆ.

ಈಗ ಲೆಕ್ಕ ಹಾಕೋಣ. ದಿನಕ್ಕೆ ಕಾಲು ಗಂಟೆ ಬಾಚಿದರೂ ವರ್ಷಕ್ಕೆ 91 ಗಂಟೆ. ಹನ್ನೆರಡು ವರ್ಷಕ್ಕೆ ಸಾವಿರ ಗಂಟೆ ದಾಟುತ್ತೆ! ಇದಲ್ಲದೆ ಆರು ವಾರಕ್ಕೊಮ್ಮೆ ಕೂದಲು ಕತ್ತರಿಸುವವರ ಹತ್ತಿರ ಕರೆದುಕೊಂಡು ಹೋಗಬೇಕು. ಒಂದು ಸಲಕ್ಕೆ ಸಾವಿರ ರೂಪಾಯಿಗೆ ಕಮ್ಮಿ ಬಿಲ್ ಬರೋದು ನಮ್ಮ ದೊಡ್ಡ ಊರುಗಳಲ್ಲಿ ಅಪರೂಪ. ಇದನ್ನೆಲ್ಲ ಮಾಡುವವರು ಯಾರು? ಟ್ಯೂಷನ್‌ಗೆ ಓಡುವ ಮಗಳೇ? ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಯಜಮಾನರೇ? ನಾಯಿ ಕಂಡರೆ ಮಡಿ ಮಡಿ ಅನ್ನುವ ಅತ್ತೆಯವರೇ? ನಾಯಿ ಬೇಕು ಅಂತ ಕೈ ಎತ್ತಿದವರು ಮನೆಯಲ್ಲಿ ನಾಲ್ಕು ಜನ ಇರಬಹುದು, ಬಾಚಣಿಗೆ ಹಿಡಿಯೋದು ಒಂದೇ ಕೈ. ಅದು ಯಾರದ್ದು ಅಂತ ನಾನು ಹೇಳಬೇಕಾಗಿಲ್ಲ. ಅದಕ್ಕೇ ಮರಿ ತರುವ ತಿಂಗಳ ಮೊದಲೇ ಒಂದು ಬಾಚಣಿಗೆ ತಂದು ಮೇಜಿನ ಮೇಲಿಡಿ. ದಿನಾ ಸಂಜೆ ಕಾಲು ಗಂಟೆ ಯಾರು ಯಾವ ವಾರ ಅಂತ ಕ್ಯಾಲೆಂಡರಿನಲ್ಲಿ ಹೆಸರು ಬರೆಸಿ. ನಾಯಿ ಇಲ್ಲದಿದ್ದರೇನಂತೆ, ಮಗಳ ಹಳೇ ಟೆಡ್ಡಿಬೇರನ್ನೇ ಬಾಚಲಿ! ತಮಾಷೆ ಅನ್ನಿಸಬಹುದು, ಆದರೆ ಹತ್ತನೇ ದಿನಕ್ಕೆ ಉತ್ತರ ಗೊತ್ತಾಗುತ್ತೆ.

ಅಂದಹಾಗೆ, ಎಲ್ಲಾ ಡೂಡಲ್ ಮರಿಗಳಿಗೂ ಗುಂಗುರು ಕೂದಲೇ ಬರುತ್ತೆ ಅಂತಿಲ್ಲ. ಒಂದೇ ಸೂಲಿನಲ್ಲಿ ಒಂದಕ್ಕೆ ನೇರ ಕೂದಲು, ಒಂದಕ್ಕೆ ಅಲೆಅಲೆ, ಒಂದಕ್ಕೆ ಗುಂಗುರು. ಮಾರುವವರು ಎಫ್1, ಎಫ್1ಬಿ ಅಂತೆಲ್ಲ ಹೇಳಿದರೆ ಗಾಬರಿ ಬೀಳಬೇಡಿ. ಲ್ಯಾಬ್ರಡಾರ್ ಮತ್ತು ಪೂಡಲ್‌ಗೆ ಹುಟ್ಟಿದ್ದು ಎಫ್1. ಆ ಮರಿ ದೊಡ್ಡದಾದ ಮೇಲೆ ಮತ್ತೆ ಪೂಡಲ್ ಜೊತೆ ಕೂಡಿಸಿದರೆ ಎಫ್1ಬಿ, ಅಂದರೆ ಮುಕ್ಕಾಲು ಪಾಲು ಪೂಡಲ್. ಎರಡು ಡೂಡಲ್‌ಗಳಿಗೇ ಹುಟ್ಟಿದ್ದು ಎಫ್2. ಟೆರೇಸ್ ಮೇಲೆ ಕೈತೋಟ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತೆ. ಹೈಬ್ರಿಡ್ ಟೊಮೆಟೊದ ಬೀಜ ತೆಗೆದು ನೆಟ್ಟರೆ ಮುಂದಿನ ಗಿಡಗಳು ಒಂದೊಂದೂ ಒಂದೊಂದು ಥರ ಬರುತ್ತಲ್ಲ? ಇಲ್ಲೂ ಹಾಗೇ. ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್ ಅಂತ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ನಾಯಿಗಳ ವಂಶವಾಹಿ ಪರೀಕ್ಷಿಸಿದಾಗ, ಅವು ಬಹುಪಾಲು ಪೂಡಲ್‌ಗಳೇ ಅಂತ 2020ರಲ್ಲಿ ಗೊತ್ತಾಯಿತು. ಗುಂಗುರೇ ಬೇಕು ಅಂತ ಆರಿಸುತ್ತಾ ಹೋದರೆ ಕೊನೆಗೆ ಪೂಡಲ್‌ಗೇ ಬಂದು ನಿಲ್ಲಬೇಕಾಗುತ್ತೆ. ಹಾಗಿದ್ದ ಮೇಲೆ ನೇರವಾಗಿ ಪೂಡಲನ್ನೇ ತರಬಹುದಿತ್ತಲ್ಲ ಅಂದರೆ... ಪೂಡಲ್ ಪ್ರಿಯರು ಕೇಳೋದೂ ಅದನ್ನೇ.

ಮಿಕ್ಸ್ ಆದರೆ ಗಟ್ಟಿಯಾ?

ಸಂಬಂಧದಲ್ಲೇ ಮದುವೆ ಬೇಡ ಅಂತ ಡಾಕ್ಟರು ಹೇಳ್ತಾರೆ. ಜಾತಿ ನಾಯಿಗಳಲ್ಲಿ ಆಗಿರೋದು ಅದೇ, ಹತ್ತಿರದ ರಕ್ತದಲ್ಲೇ ತಲೆಮಾರುಗಟ್ಟಲೆ ಕೂಡಿಸಿದ್ದಾರೆ. ಹೊರಗಿನ ಸಂಬಂಧ ತಂದರೆ ಒಳ್ಳೆಯದು ಅನ್ನೋ ವಾದ ತಪ್ಪಲ್ಲ. ಆದರೆ ಹೆಣ್ಣಿನ ಕಡೆಯೂ ಸಕ್ಕರೆ ಕಾಯಿಲೆ, ಗಂಡಿನ ಕಡೆಯೂ ಸಕ್ಕರೆ ಕಾಯಿಲೆ ಇದ್ದರೆ? ವಯಸ್ಸಾದಂತೆ ದೃಷ್ಟಿ ಹೋಗುವ ಒಂದು ಆನುವಂಶಿಕ ಕಣ್ಣಿನ ಕಾಯಿಲೆ ಪೂಡಲ್‌ನಲ್ಲೂ ಇದೆ, ಲ್ಯಾಬ್ರಡಾರ್‌ನಲ್ಲೂ ಇದೆ, ಕಾಕರ್ ಸ್ಪೇನಿಯಲ್‌ನಲ್ಲೂ ಇದೆ. ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ದೊಡ್ಡ ಪೂಡಲ್, ಲ್ಯಾಬ್ರಡಾರ್, ಗೋಲ್ಡನ್ ಮೂರಕ್ಕೂ ಇದೆ. ಪುಟ್ಟ ಪೂಡಲ್‌ಗೆ ಮಂಡಿಚಿಪ್ಪು ಜಾರುತ್ತೆ, ಕ್ಯಾವಲಿಯರ್‌ಗೆ ಹೃದಯದ ಕವಾಟ ಸೋರುತ್ತೆ. ಪರೀಕ್ಷೆ ಮಾಡಿಸದೆ ಕೂಡಿಸಿದರೆ ಎರಡೂ ಕಡೆಯದ್ದು ಮರಿಗೆ ಬಳುವಳಿ.

ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 9,402 ನಾಯಿಗಳ ಮಾಹಿತಿ ಕಲೆಹಾಕಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜಗಳಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂ ಈ ಮೂರನ್ನು ಅವುಗಳ ಮೂಲ ತಳಿಗಳ ಜೊತೆ 57 ಸಾಮಾನ್ಯ ಕಾಯಿಲೆಗಳ ವಿಷಯದಲ್ಲಿ ಹೋಲಿಸಿ ನೋಡಿದರು. ನೂರಕ್ಕೆ 86ಕ್ಕೂ ಹೆಚ್ಚು ಹೋಲಿಕೆಗಳಲ್ಲಿ ವ್ಯತ್ಯಾಸವೇ ಇಲ್ಲ! ಅಂದರೆ ಮಾರುವವರು ಹೇಳುವಷ್ಟು ಗಟ್ಟಿಯೂ ಅಲ್ಲ, ಕಾನ್ರನ್ ನೊಂದುಕೊಂಡಷ್ಟು ರೋಗಿಷ್ಠವೂ ಅಲ್ಲ. ಎಲ್ಲಾ ನಾಯಿಗಳಂತೆ ನಾಯಿ.

ಶುದ್ಧ ತಳಿಯವರು ಡೂಡಲ್‌ಗಳನ್ನು ಕಂತ್ರಿ ಅಂತ ಮೂಗು ಮುರಿಯುವುದೂ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅವರು ಹೆಮ್ಮೆಪಡುವ ಗೋಲ್ಡನ್ ರಿಟ್ರೀವರ್ ಹುಟ್ಟಿದ್ದೇ 1868ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಬ್ಬ ಶ್ರೀಮಂತರು ಹಳದಿ ರಿಟ್ರೀವರ್‌ಗೆ ನೀರು ಸ್ಪೇನಿಯಲ್ ಕೂಡಿಸಿದ್ದರಿಂದ. ನಿನ್ನೆಯ ಮಿಕ್ಸ್ ಇವತ್ತಿನ ಶುದ್ಧ! ನನ್ನ ತಕರಾರು ನಾಯಿಯ ಮೇಲಲ್ಲ, ಮಾರುವಾಗ ಆಡುವ ಸುಳ್ಳಿನ ಮೇಲೆ.

ಕೊಳ್ಳಲೇಬೇಕೆಂದಿದ್ದರೆ

'ಕೆಸಿಐ ಪೇಪರ್ ಇರೋ ಡೂಡಲ್ ಮೇಡಂ' ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ಕೆನಲ್ ಕ್ಲಬ್ ಆಫ್ ಇಂಡಿಯಾ ನೋಂದಾಯಿಸೋದು ಶುದ್ಧ ತಳಿಗಳನ್ನು. ಅಪ್ಪ-ಅಮ್ಮನ ಪೇಪರ್ ಇರಬಹುದು, ಮಿಶ್ರ ಮರಿಗೆ ಪೇಪರ್ ಸಿಗಲ್ಲ.

ನಮ್ಮ ದೇಶದಲ್ಲಿ ನಾಯಿ ತಳಿ ಬೆಳೆಸುವವರಿಗೆ 2017ರಲ್ಲಿ ನಿಯಮಗಳು ಬಂದಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಹೆಣ್ಣು ನಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ತೆಗೆಯುವಂತಿಲ್ಲ. ನೋಂದಣಿ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡದೆ ತಗೊಳ್ಳಲ್ಲ ನಾವು, ಇಲ್ಲೇಕೆ ನಾಚಿಕೆ?

ಎಲ್ಲಕ್ಕಿಂತ ಮುಖ್ಯ, ಮರಿಯ ತಾಯಿಯನ್ನು ನೋಡಲೇಬೇಕು. ಅದೂ ಅದು ಇರುವ ಜಾಗದಲ್ಲೇ. 'ನೀವ್ಯಾಕೆ ಬರ್ತೀರಿ ಮೇಡಂ, ಮೆಟ್ರೋ ಸ್ಟೇಷನ್ ಹತ್ತಿರವೇ ತಂದು ಕೊಡ್ತೀನಿ' ಅಂದರೆ ಬೇಡವೇ ಬೇಡ. ತಾಯಿ ಬಡಕಲಾಗಿದೆಯಾ, ಹೆದರಿ ಮೂಲೆ ಸೇರುತ್ತಾ, ಮರಿಗಳ ಜಾಗ ವಾಸನೆ ಹೊಡೆಯುತ್ತಾ ನೋಡಿ. ಬೋನಿನಲ್ಲಿ ಕೂತು ಸೂಲಿನ ಮೇಲೆ ಸೂಲು ಹೆರುವ ಆ ತಾಯಿಯ ಬಾಣಂತನ ನೋಡುವವರು ಯಾರೂ ಇಲ್ಲ. ಹೆತ್ತವರಿಗೆ ಬೇರೆಯಾಗಿ ಹೇಳಬೇಕಾ ಅದರ ಸಂಕಟ? ಅಪ್ಪ-ಅಮ್ಮನ ಸೊಂಟದ ಎಕ್ಸ್‌ರೇ, ಕಣ್ಣಿನ ವಂಶವಾಹಿ ಪರೀಕ್ಷೆ ವರದಿ ಕೇಳಿ. ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ತೆಗೆದು ತೋರಿಸುವವರು ಸಿಕ್ಕರೆ ಅವರ ಹತ್ತಿರ ಬೆಲೆ ಚೌಕಾಸಿ ಮಾಡಬೇಡಿ.

ಮಕ್ಕಳಿಗೆ ಬೇಕಿರೋದು ಗುಂಗುರು ಕೂದಲೋ ಗೆಳೆಯನೋ ಅಂತ ಒಮ್ಮೆ ಕೇಳಿ ನೋಡಿ. ಗೆಳೆಯ ಅಂತಾದರೆ ನಮ್ಮ ಊರ ನಾಯಿಯೇ ಇದೆ. ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಒಗ್ಗಿದ ಮೈ, ವಾರಕ್ಕೊಮ್ಮೆ ಉಜ್ಜಿದರೆ ಸಾಕು. ಅಲರ್ಜಿ ಇದರಿಂದಲೂ ಬರಬಹುದು, ಪರೀಕ್ಷೆ ಇದಕ್ಕೂ ಬೇಕು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳು ಬಿಟ್ಟುಹೋದ ನಾಯಿಗಳಿಗೆ ಮನೆ ಹುಡುಕಿಕೊಡುತ್ತವೆ. ಮುಧೋಳ ನಮ್ಮ ಹೆಮ್ಮೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ಆದರೆ ಓಡಲು ಹುಟ್ಟಿದ ಬೇಟೆನಾಯಿ ಅದು, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದು ಕೂಡಿಹಾಕಬೇಡಿ.

ಈಗಾಗಲೇ ಮನೆಗೆ ಬಂದಿದೆಯಾ?

ಹಾಗಿದ್ದರೆ ಅದು ನಿಮ್ಮ ಮನೆಯ ಕೂಸು. ಹಾಲಿನಲ್ಲೋ ಬಾಲ್ಕನಿಯಲ್ಲೋ ಮಲಗಲಿ, ಅಲರ್ಜಿ ಇರುವ ಮಗುವಿನ ಮಲಗುವ ಕೋಣೆಗೆ ಮಾತ್ರ ಬಿಡಬೇಡಿ. ಆಡಿದ ಮೇಲೆ ಮಗು ಕೈ-ಮುಖ ತೊಳೆಯಲಿ.

ಬಾಚುವಾಗ ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ಕೂದಲನ್ನು ಪದರ ಪದರವಾಗಿ ಎತ್ತಿ ಹಿಡಿದು, ಚರ್ಮದ ತನಕ ಬ್ರಷ್ ಹೋಗಬೇಕು. ಕೊನೆಯಲ್ಲಿ ಸ್ಟೀಲ್ ಬಾಚಣಿಗೆ ಆಡಿಸಿ, ಎಲ್ಲೂ ತಡೆಯದೆ ಇಳಿದರೆ ಸರಿ. ಗಂಟು ಹೆಚ್ಚಾಗಿ ಕಟ್ಟೋದು ಕಿವಿಯ ಹಿಂದೆ, ಕಂಕುಳು, ತೊಡೆ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಲೇಬೇಡಿ, ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತೆ. ಸ್ನಾನವಾದ ಮೇಲೆ ಬುಡದ ತನಕ ಒಣಗಿಸಿ. ಮಳೆಗಾಲದಲ್ಲಿ ಜೋಲು ಕಿವಿ ಎತ್ತಿ ಮೂಸಿ ನೋಡಿ, ಕೆಟ್ಟ ವಾಸನೆ ಬಂದರೆ ವೆಟ್ ಹತ್ತಿರ ಹೋಗಿ, ಎಣ್ಣೆ ಬಿಡೋಕೆ ಹೋಗಬೇಡಿ.

ಕತ್ತರಿ ಹಿಡಿದು ಗಂಟು ಕತ್ತರಿಸುವ ಸಾಹಸ ಮನೆಯಲ್ಲಿ ಬೇಡ. ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತೆ, ಗೊತ್ತಾಗದೆ ಕತ್ತರಿಸಿಬಿಟ್ಟರೆ ಹೊಲಿಗೆ ಹಾಕಿಸಬೇಕಾಗುತ್ತೆ. ಕೈ ಮೀರಿದೆ ಅನ್ನಿಸಿದರೆ ಕೂದಲು ಕತ್ತರಿಸುವವರ ಹತ್ತಿರ ಕರೆದುಕೊಂಡು ಹೋಗಿ ಪೂರ್ತಿ ಗಿಡ್ಡ ಮಾಡಿಸಿ. 'ಟೆಡ್ಡಿಬೇರ್ ಥರಾನೇ ಇರಲಿ' ಅಂತ ಅವರ ಮೇಲೆ ಒತ್ತಡ ಹಾಕಬೇಡಿ, ಗಂಟು ಬಿಡಿಸಲು ಗಂಟೆಗಟ್ಟಲೆ ಎಳೆಯುವಾಗ ನೋಯೋದು ನಾಯಿಗೆ. ಬೋಳಾಗಿ ಬಂದದ್ದನ್ನು ನೋಡಿ ಮಕ್ಕಳು ನಗಬಹುದು, ಪಕ್ಕದ ಫ್ಲ್ಯಾಟಿನವರು 'ಇದೇನ್ರೀ, ಬೇರೆ ನಾಯಿ ತಂದ್ರಾ?' ಅನ್ನಬಹುದು. ಅನ್ನಲಿ ಬಿಡಿ. ಕೆಲವೇ ತಿಂಗಳಲ್ಲಿ ಕೂದಲು ಮತ್ತೆ ಬರುತ್ತೆ. ಒಂದು ಇಂಚು ಬೆಳೆದ ದಿನದಿಂದಲೇ ಬ್ರಷ್ ಶುರು ಮಾಡಿ.